ಒಂದೇ ನೂಲಿನಲ್ಲಿ ಪೋಣಿಸಿದ ಆರಾಧನೆ

ನಮ್ಮ ಶಾಲೆಯಲ್ಲಿ ಓದಿ ಹೋದ ಪ್ರಿಯ ಸಹೋದರಿಯರಲ್ಲಿ ಅನೇಕರು ಈಗ ತಮ್ಮ ತಮ್ಮ ಊರಿನ ಸಭೆಗಳಲ್ಲಿ ಭಾನುವಾರದ ಶಾಲೆಯ ಉಪಾಧ್ಯಾಯಿನಿಯರಾಗಿಯೂ ಸ್ತ್ರೀಯರ ಕೂಟಗಳನ್ನು ನಡಿಸುವವರಾಗಿಯೂ ಇದ್ದಾರೆ. ಇನ್ನನೇಕರು ಮಕ್ಕಳನ್ನು ಕೈಹಿಡಿದು ದೇವಾಲಯಕ್ಕೆ ಕರೆತರುವ ತಾಯಂದಿರಾಗಿದ್ದಾರೆ. ಇವರೆಲ್ಲರಿಗೂ, ಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ತಂದೆತಾಯಿಗಳಿಗೂ ಪ್ರಯೋಜನವಾದೀತೆಂದು ನೆನಸಿ ಒಂದು ವಿಷಯವನ್ನು ಇಲ್ಲಿ ವಿವರಿಸುತ್ತೇವೆ. ಅದೇನಂದರೆ, ಒಂದು ದಿನದ ಆರಾಧನೆಯನ್ನೂ ಬೋಧನೆಯನ್ನೂ ಒಂದೇ ಮುಖ್ಯವಿಷಯದ ಮೇಲೆ ನಿಲ್ಲಿಸುವ ಪದ್ಧತಿ.

ಇದರ ಅಗತ್ಯವೇನೆಂದು ತಿಳಿಯಬೇಕಾದರೆ ಭಾನುವಾರ ಸಾಯಂಕಾಲ ಮನೆಯಲ್ಲಿ ಒಂದು ಪ್ರಶ್ನೆಯನ್ನು ಕೇಳಿನೋಡಬೇಕು: “ಅವ್ವಾ, ಈಹೊತ್ತು ಮುಂಜಾನೆ ದೇವಾಲಯದಲ್ಲಿ ಏನು ಕೇಳಿದಿ?” ಅಜ್ಜಿಯನ್ನು ಕೇಳಿದರೂ ಮೊಮ್ಮಗಳನ್ನು ಕೇಳಿದರೂ ಉತ್ತರವು ಹೆಚ್ಚಾಗಿ ಒಂದೇ ಬಗೆಯದು. ಹಾಡಿದರು, ಓದಿದರು, ಅಯ್ಯನವರು ಚೆನ್ನಾಗಿ ಹೇಳಿದರು ಎಂಬುದೇ ಆ ಉತ್ತರ. ಏನು ಹೇಳಿದರೆಂದು ಮತ್ತೆ ಕೇಳಿದರೆ ಮೌನ. ಇದು ಕೇಳಿದವರ ಬುದ್ಧಿಯ ಕೊರತೆಯೆಂದು ಹೇಳಲಾಗದು. ಅದೇ ಅಜ್ಜಿಯು ನಲವತ್ತು ವರುಷಗಳ ಹಿಂದಿನ ಬರಗಾಲದ ಸಂಗತಿಯನ್ನು ದಿನಗಳೊಡನೆ ಹೇಳಬಲ್ಲಳು; ಬೀಸುವ ಕಲ್ಲಿನ ಪದಗಳನ್ನು ಮೊದಲಿನಿಂದ ಕಡೆಯವರೆಗೂ ಹಾಡಬಲ್ಲಳು. ಕೊರತೆಯು ಬಹುಮಟ್ಟಿಗೆ ನಾವು ಬಡಿಸುವ ರೀತಿಯಲ್ಲಿದೆ.

ಕ್ರಮವಿಲ್ಲದ ಆರಾಧನೆಯು ಹೇಗಿರುತ್ತದೆಂಬುದನ್ನು ನೋಡೋಣ. ಮೊದಲನೆಯ ಗೀತವು ರಾಗ ಚೆನ್ನಾಗಿದೆಯೆಂದು ಆರಿಸಲ್ಪಟ್ಟದ್ದು. ಅದರ ಅರ್ಥವು ಕರ್ತನ ಜನನದ ವಿಷಯ. ಹಳೆಯ ಒಡಂಬಡಿಕೆಯ ಪಾಠವು ಸೊಲೊಮೋನನು ಆಲಯ ಕಟ್ಟಿಸಿದ್ದನ್ನು ಹೇಳುತ್ತದೆ. ಕೀರ್ತನೆಯು ದುಃಖಿತನ ಮೊರೆ. ಪ್ರಸಂಗವು ಕಾಣಿಕೆ ಕೊಡುವ ವಿಷಯ. ಅದೇ ಹೊತ್ತಿನಲ್ಲಿ ಭಾನುವಾರದ ಶಾಲೆಯ ಮಕ್ಕಳು ದಾವೀದನ ಕವಣೆಯ ಕಥೆಯನ್ನು ಕಲಿಯುತ್ತಾರೆ. ಮಧ್ಯಾಹ್ನ ಸ್ತ್ರೀಯರ ಕೂಟದಲ್ಲಿ ರೂತಳ ಚರಿತ್ರೆ. ಇವೆಲ್ಲವೂ ಒಳ್ಳೆಯವೇ. ಆದರೆ ಒಂದನ್ನು ಮತ್ತೊಂದು ನೂಕುತ್ತದೆ. ತಾಯಿ ಕೇಳಿದ್ದು ಬೇರೆ, ಮಗಳು ಕಲಿತದ್ದು ಬೇರೆಯಾದಕಾರಣ ಮನೆಗೆ ಬಂದ ಮೇಲೆ ಒಬ್ಬರೊಡನೊಬ್ಬರು ಮಾತಾಡುವುದಕ್ಕೆ ಆಸ್ಪದವಿರುವುದಿಲ್ಲ.

ನಮ್ಮ ಹಡಗಲಿಯ ಮಲ್ಲಿಗೆಯು ಹೆಸರಾದ ಹೂವು. ಮೊಗ್ಗುಗಳನ್ನು ಬುಟ್ಟಿಯಲ್ಲಿ ಸುರಿದರೆ ಪರಿಮಳವೇನೋ ಬರುತ್ತದೆ. ಆದರೆ ಮುಡಿಯಬೇಕಾದರೆ ನೂಲು ಬೇಕು. ಆ ನೂಲು ಹೂವುಗಳನ್ನು ಮರೆಮಾಡುವುದಿಲ್ಲ, ತಾನೂ ಕಾಣಿಸಿಕೊಳ್ಳುವುದಿಲ್ಲ. ಮುಖ್ಯವಿಷಯವೆಂಬುದು ಇಂಥ ನೂಲು. ಪಾಠ, ಗೀತ, ಪಾಪದ ಅರಿಕೆ, ಪ್ರಸಂಗ, ಪರರಿಗೋಸ್ಕರ ಬೇಡಿಕೆ, ಕಾಣಿಕೆ, ಆಶೀರ್ವಾದ ಇವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಅದು ಹಿಡಿದಿಡುತ್ತದೆ. ಒಂದೇ ಮಾತನ್ನು ಹತ್ತು ಸಾರಿ ಹೇಳುವುದು ಈ ಪದ್ಧತಿಯಲ್ಲ. ಒಂದೇ ಸತ್ಯವನ್ನು ಕಿವಿಗೆ ಓದಿ, ಬಾಯಿಗೆ ಹಾಡಾಗಿ ಕೊಟ್ಟು, ಮನಸ್ಸಾಕ್ಷಿಗೆ ಪ್ರಶ್ನೆಯಾಗಿ ಇಟ್ಟು, ಕೈಗೆ ಕೆಲಸವಾಗಿ ಒಪ್ಪಿಸುವುದೇ ಈ ಪದ್ಧತಿ.

ಇದು ಹೊಸ ಕಲ್ಪನೆಯಲ್ಲ. ಸೆರೆಯಿಂದ ತಿರಿಗಿ ಬಂದ ಯೆಹೂದ್ಯರ ಮುಂದೆ ಎಜ್ರನು ಧರ್ಮಶಾಸ್ತ್ರವನ್ನು ಓದಿದಾಗ ಲೇವಿಯರು ಜನರ ನಡುವೆ ನಿಂತು ಅದೇ ಓದಿನ ಅರ್ಥವನ್ನು ತಿಳಿಯಪಡಿಸಿದರೆಂದು ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ನಜರೇತಿನ ಸಭಾಮಂದಿರದಲ್ಲಿ ಕರ್ತನು ಯೆಶಾಯನ ಸುರುಳಿಯ ಒಂದೇ ಭಾಗವನ್ನು ಓದಿ, ಸುರುಳಿಯನ್ನು ಸುತ್ತಿಕೊಟ್ಟು, ಆ ಭಾಗದ ವಿಷಯವಾಗಿಯೇ ಮಾತಾಡಿದನು. ಸಭೆಯು ಬೆಳೆದಂತೆ ವರುಷದ ಕಾಲಗಳೂ ಹೀಗೆಯೇ ಏರ್ಪಟ್ಟವು. ಆಗಮನದ ಭಾನುವಾರಗಳಿಗೆ ನಿರೀಕ್ಷೆ, ಶ್ರಮೆಯ ಕಾಲಕ್ಕೆ ಮಾನಸಾಂತರ, ಪುನರುತ್ಥಾನದ ಹಬ್ಬಕ್ಕೆ ಜೀವ, ಪಂಚಾಶತ್ತಮ ದಿನಕ್ಕೆ ಪವಿತ್ರಾತ್ಮನ ದಾನ ಎಂದು ಆಯಾ ಕಾಲಕ್ಕೆ ಒಂದೊಂದು ವಿಷಯವು ನಿಂತಿತು. ಓದುಬರಹವಿಲ್ಲದವನು ಕೂಡ ವರುಷವನ್ನು ಸುತ್ತಿಬಂದರೆ ಸುವಾರ್ತೆಯನ್ನು ಪೂರಾ ಸುತ್ತಿಬಂದ ಹಾಗಾಗುತ್ತಿತ್ತು.

ನಮ್ಮ ಸೀಮೆಯ ಚರಿತ್ರೆಯನ್ನು ನೋಡಿದರೆ ಈ ವಿಷಯವು ಇನ್ನೂ ಸ್ಪಷ್ಟವಾಗುವುದು. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ದೊರೆಗಳು ೧೮೧೦ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವುದರಲ್ಲಿ ಬಹು ವರುಷ ಶ್ರಮಪಟ್ಟರು. ಆ ಮಿಷನಿನ ಸಭೆಗಳಲ್ಲಿ ಬೋಧಕನು ತಾನೇ ವಚನವನ್ನು ಆರಿಸಿಕೊಂಡು ಪ್ರಸಂಗಿಸುವುದೂ ಹೃದಯದಿಂದ ಬಂದಂತೆ ಪ್ರಾರ್ಥಿಸುವುದೂ ವಾಡಿಕೆ. ಆಂಗ್ಲಿಕನ್ ಸಭೆಗಳಲ್ಲಾದರೋ ಪ್ರತಿ ಭಾನುವಾರಕ್ಕೂ ಗೊತ್ತುಮಾಡಿದ ಪ್ರಾರ್ಥನೆ, ಪತ್ರಿಕೆಯ ಭಾಗ, ಸುವಾರ್ತೆಯ ಭಾಗ ಇವು ಪುಸ್ತಕದಲ್ಲಿಯೇ ಇರುತ್ತಿದ್ದವು. ಮೆಥಡಿಸ್ಟರು ವರುಷಾರಂಭದಲ್ಲಿ ಒಡಂಬಡಿಕೆಯ ಆರಾಧನೆಯನ್ನು ನಡಿಸುತ್ತಿದ್ದರು. ಆ ದಿನ ಮೊದಲಿನಿಂದ ಕೊನೆಯ ವರೆಗೆ ತನ್ನನ್ನು ದೇವರಿಗೆ ಒಪ್ಪಿಸಿಕೊಡುವ ಒಂದೇ ವಿಷಯ. ೧೯೦೮ರಲ್ಲಿ ಲಂಡನ್ ಮಿಷನಿನ ಸಭೆಗಳು ಪ್ರೆಸ್ಬಿಟೇರಿಯನರೊಡನೆ ಸೇರಿ ದಕ್ಷಿಣ ಭಾರತದ ಐಕ್ಯಸಭೆಯಾದವು. ೧೯೪೭ನೆಯ ಸೆಪ್ಟೆಂಬರ್ ೨೭ರಂದು ಮದ್ರಾಸಿನ ಸೇಂಟ್ ಜಾರ್ಜ್ ಪ್ರಧಾನ ದೇವಾಲಯದಲ್ಲಿ ಈ ಮೂರು ಪ್ರವಾಹಗಳೂ ಕೂಡಿ ದಕ್ಷಿಣ ಭಾರತ ಸಭೆಯು ಹುಟ್ಟಿತು.

ಕೂಡಿದ ಮೇಲೆ ಪ್ರಶ್ನೆಯೆದ್ದಿತು: ಯಾರ ಕ್ರಮದಂತೆ ಆರಾಧಿಸುವುದು? ಹೊಸ ಸಭೆಯು ಯಾರ ವಾಡಿಕೆಯನ್ನೂ ಬಲಾತ್ಕಾರದಿಂದ ತೆಗೆದುಹಾಕಲಿಲ್ಲ. ಕರ್ತನ ಭೋಜನದ ಹೊಸ ಕ್ರಮವೊಂದು ೧೯೫೦ರಲ್ಲಿ ಬಂದಿತು. ಸಾಮಾನ್ಯ ಆರಾಧನೆಯ ಪುಸ್ತಕವು ೧೯೬೩ರಲ್ಲಿ ಪ್ರಕಟವಾಯಿತು. ಈಗ ಆ ಸಭೆಯು ವರುಷವರುಷವೂ ಹೊರಡಿಸುವ ಪಂಚಾಂಗದಲ್ಲಿ ಪ್ರತಿ ಭಾನುವಾರಕ್ಕೂ ಒಂದು ಮುಖ್ಯವಿಷಯವನ್ನೂ ಅದಕ್ಕೆ ಹೊಂದುವ ಪಾಠಗಳನ್ನೂ ಗೊತ್ತುಮಾಡಿರುತ್ತದೆ. ಇದರಿಂದ ಪಟ್ಟಣದ ದೊಡ್ಡ ದೇವಾಲಯದಲ್ಲಿ ಓದುವ ಭಾಗವನ್ನೇ ಹಳ್ಳಿಯ ಹೆಂಚಿನ ಮನೆಯಲ್ಲಿ ಕೂಡಿದ ಹತ್ತು ಮಂದಿಯೂ ಓದುತ್ತಾರೆ. ಮದುವೆಯಾಗಿ ಪರಸ್ಥಳಕ್ಕೆ ಹೋದ ನಮ್ಮ ಹುಡುಗಿಯು ಅಲ್ಲಿಯ ದೇವಾಲಯದಲ್ಲಿ ಕೇಳುವ ಪಾಠವನ್ನು ತವರಿನಲ್ಲಿ ತಾಯಿಯೂ ಅದೇ ಗಳಿಗೆಯಲ್ಲಿ ಕೇಳುತ್ತಿರುವಳು.

ಹೊರಗಿನ ಲೋಕದಲ್ಲಿಯೂ ಇದೇ ಆಲೋಚನೆಯು ನಡೆದಿದೆ. ರೋಮನ್ ಕಥೋಲಿಕ ಸಭೆಯು ೧೯೬೯ರಲ್ಲಿ ಮೂರು ವರುಷಗಳ ಪಾಠಪಟ್ಟಿಯನ್ನು ಏರ್ಪಡಿಸಿತು. ಅದನ್ನನುಸರಿಸಿ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಅನೇಕವು ೧೯೯೨ರಲ್ಲಿ ಪ್ರಕಟವಾದ ಸಾಮಾನ್ಯ ಪಾಠಪಟ್ಟಿಯನ್ನು ಸ್ವೀಕರಿಸಿವೆ. ಮಕ್ಕಳ ಬೋಧನೆಯಲ್ಲಿಯಾದರೋ ಇದು ಇನ್ನೂ ಹಳೆಯದು. ೧೮೭೨ರಲ್ಲಿ ಅಮೇರಿಕದ ಇಂಡಿಯಾನಾಪೊಲಿಸ್ ಪಟ್ಟಣದಲ್ಲಿ ಕೂಡಿದ ಭಾನುವಾರದ ಶಾಲೆಗಳ ಮಹಾಸಭೆಯು, ಎಲ್ಲಾ ವಯಸ್ಸಿನವರಿಗೂ ಒಂದು ದಿನ ಒಂದೇ ಪಾಠವಿರಬೇಕೆಂದು ತೀರ್ಮಾನಿಸಿತು. ಅಂದಿನಿಂದ ಶಿಶುವರ್ಗದ ಮಗುವೂ ಅದರ ತಂದೆಯೂ ಒಂದೇ ಕಥೆಯನ್ನು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಕಲಿಯುವ ಪದ್ಧತಿಯು ಅನೇಕ ದೇಶಗಳಿಗೆ ಹರಡಿತು.

ಸ್ತ್ರೀಯರು ನಡಿಸುವ ಲೋಕ ಪ್ರಾರ್ಥನಾ ದಿನವು ಇದಕ್ಕೆ ಅತ್ಯಂತ ಸುಂದರವಾದ ದೃಷ್ಟಾಂತ. ೧೯೨೭ರಿಂದ ಲೋಕವ್ಯಾಪಕವಾದ ಈ ದಿನವು ಮಾರ್ಚ್ ತಿಂಗಳ ಮೊದಲನೆಯ ಶುಕ್ರವಾರ ಬರುವುದು. ಪ್ರತಿವರುಷವೂ ಒಂದೊಂದು ದೇಶದ ಸ್ತ್ರೀಯರು ಒಂದು ವಿಷಯವನ್ನು ಹಿಡಿದು ಆರಾಧನೆಯನ್ನು ಸಿದ್ಧಪಡಿಸುತ್ತಾರೆ. ಲೋಕದ ನಾನಾ ದೇಶಗಳ ಸ್ತ್ರೀಯರು ಅದನ್ನೇ ತಮ್ಮ ಭಾಷೆಗಳಲ್ಲಿ ನಡಿಸುತ್ತಾರೆ. ೨೦೨೦ರಲ್ಲಿ ಜಿಂಬಾಬ್ವೆ ದೇಶದ ಸ್ತ್ರೀಯರು ಬೇತ್ಸಥದ ಕೊಳದ ಬಳಿ ಮೂವತ್ತೆಂಟು ವರುಷ ಬಿದ್ದುಕೊಂಡಿದ್ದವನ ಸಂಗತಿಯನ್ನು ಆರಿಸಿಕೊಂಡರು. ದೂರದ ಆಫ್ರಿಕದ ಅಕ್ಕತಂಗಿಯರ ಕಷ್ಟವು ಕನ್ನಡದ ಹಳ್ಳಿಗೆ ಅರ್ಥವಾಗುವುದಕ್ಕೆ ಆ ಒಂದು ಕಥೆಯೇ ಸೇತುವೆಯಾಯಿತು.

ನಮ್ಮ ನಾಡಿನವರಿಗೂ ಈ ಗುಟ್ಟು ತಿಳಿಯದ್ದಲ್ಲ. ಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕವನ್ನು ನುಡಿಯುವಾಗ ಅಷ್ಟು ಜನಸಮೂಹವೂ ಸದ್ದಡಗಿ ನಿಲ್ಲುತ್ತದೆ. ಅವನು ನುಡಿಯುವುದು ಒಂದೇ ಮಾತು. ಆ ಮಾತನ್ನು ರೈತರು ಊರಿಗೆ ಹೊತ್ತುಕೊಂಡು ಹೋಗಿ ವರುಷವೆಲ್ಲಾ ಕಟ್ಟೆಯ ಮೇಲೆ ಕುಳಿತು ಅದರ ಅರ್ಥವನ್ನು ವಿಚಾರಿಸುತ್ತಾರೆ. ಅದು ಭವಿಷ್ಯವೋ ಅಲ್ಲವೋ ಎಂಬುದು ಇಲ್ಲಿ ನಮ್ಮ ವಿಚಾರವಲ್ಲ. ಚಿಕ್ಕದಾದ ಒಂದು ಮಾತು ಮರೆಯಲ್ಪಡುವುದಿಲ್ಲವೆಂಬುದನ್ನು ಮಾತ್ರ ಗಮನಿಸತಕ್ಕದ್ದು. ಹರಿಕಥೆಯ ದಾಸರು ಕೂಡ ಮೊದಲು ಒಂದು ತತ್ತ್ವವನ್ನು ಹಿಡಿದು, ಅದರ ಸುತ್ತಲೇ ಹಾಡು, ಉಪಕಥೆ, ವಿನೋದಗಳನ್ನು ಹೆಣೆದು, ಕಡೆಗೆ ಅದೇ ತತ್ತ್ವಕ್ಕೆ ಬಂದು ನಿಲ್ಲುತ್ತಾರೆ. ಬಾಸೆಲ್ ಮಿಷನಿನ ಸಭಾಪಾಲಕರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (೧೮೮೧–೧೯೬೨) ಜನರ ಬಾಯಲ್ಲಿಯೂ ಓಲೆಗರಿಗಳಲ್ಲಿಯೂ ಚೆದರಿದ್ದ ಸರ್ವಜ್ಞನ ತ್ರಿಪದಿಗಳನ್ನು ಬಹು ಶ್ರಮದಿಂದ ಕೂಡಿಸಿ, ವಿಷಯಕ್ಕನುಸಾರವಾಗಿ ವಿಂಗಡಿಸಿ ೧೯೨೪ರಲ್ಲಿ ಪ್ರಕಟಿಸಿದರು. ಚೆದರಿದ್ದಾಗಲೂ ಆ ತ್ರಿಪದಿಗಳಲ್ಲಿ ಬೆಲೆಯಿತ್ತು. ಕೂಡಿದಾಗ ಅವು ಒಂದನ್ನೊಂದು ಬೆಳಗಿದವು.

ಇನ್ನು ಈ ಪದ್ಧತಿಯನ್ನು ನಡಿಸುವುದು ಹೇಗೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇವೆ. ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯವರಿಗೆ ನೀರಿನ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಮಳೆಯನ್ನೇ ನೆಚ್ಚಿದ ಬಯಲುಸೀಮೆ. ಕೆರೆ ಬತ್ತಿದ ವರುಷ, ಬೋರುಬಾವಿಯಲ್ಲಿ ನೀರಿಗೆ ಬದಲಾಗಿ ಧೂಳೆದ್ದ ವರುಷ, ಕೊಡಗಳನ್ನು ಸಾಲಿಟ್ಟು ಕಾದ ವರುಷ ಎಲ್ಲರ ನೆನಪಿನಲ್ಲಿಯೂ ಉಂಟು. ಆದಕಾರಣ ಬೇಸಿಗೆಯ ಒಂದು ಭಾನುವಾರಕ್ಕೆ “ಬಾವಿ” ಎಂಬುದೇ ಮುಖ್ಯವಿಷಯವಾಗಿರಲಿ.

ಹಳೆಯ ಒಡಂಬಡಿಕೆಯ ಪಾಠವು ಆದಿಕಾಂಡದ ಇಪ್ಪತ್ತಾರನೆಯ ಅಧ್ಯಾಯ. ಇಸಾಕನ ಆಳುಗಳು ಬಾವಿ ತೋಡಿದಾಗ ಗೆರಾರಿನ ಕುರುಬರು ನೀರು ತಮ್ಮದೆಂದು ಜಗಳಾಡಿದರು. ಅವನು ಬಿಟ್ಟುಕೊಟ್ಟು ಮತ್ತೊಂದನ್ನು ತೋಡಿಸಿದನು, ಅದಕ್ಕೂ ಜಗಳ. ಮೂರನೆಯದಕ್ಕೆ ಯಾರೂ ಜಗಳಕ್ಕೆ ಬರಲಿಲ್ಲವಾದದರಿಂದ ವಿಶಾಲಸ್ಥಳವೆಂಬರ್ಥದಲ್ಲಿ ಅದಕ್ಕೆ ರೆಹೋಬೋತೆಂದು ಹೆಸರಿಟ್ಟನು. ಕೀರ್ತನೆಯು ನಲವತ್ತೆರಡನೆಯದು, ನೀರಿಗಾಗಿ ಬಾಯಿಬಿಡುವ ಜಿಂಕೆಯನ್ನು ನಮ್ಮ ಗುಡ್ಡಗಾಡಿನ ಮಕ್ಕಳಿಗೆ ವರ್ಣಿಸಬೇಕಾಗಿಲ್ಲ. ಪತ್ರಿಕೆಯ ಪಾಠವು ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ. ಎರಡು ಜನಾಂಗಗಳ ನಡುವಣ ಅಡ್ಡಗೋಡೆಯನ್ನು ಕ್ರಿಸ್ತನು ಕೆಡವಿದನೆಂಬುದು ಅದರ ಸಾರ. ಸುವಾರ್ತೆಯು ಯೋಹಾನನ ನಾಲ್ಕನೆಯ ಅಧ್ಯಾಯ. ಯಾಕೋಬನ ಬಾವಿಯ ಬಳಿ, ಸುಡುವ ಮಧ್ಯಾಹ್ನದಲ್ಲಿ, ಒಬ್ಬಳೇ ನೀರಿಗೆ ಬಂದ ಸಮಾರ್ಯದ ಹೆಂಗಸನ್ನು ಕರ್ತನು ಕುಡಿಯುವುದಕ್ಕೆ ಕೇಳಿದನು. ಯೆಹೂದ್ಯನು ತನ್ನ ಕೈಯ ನೀರನ್ನು ಕೇಳಿದನಲ್ಲಾ ಎಂದು ಅವಳಿಗೆ ಆಶ್ಚರ್ಯ.

ಈ ಆಶ್ಚರ್ಯವನ್ನು ವಿವರಿಸುವುದಕ್ಕೆ ನಾವು ಪಾಲೆಸ್ತೀನಕ್ಕೆ ಹೋಗಬೇಕೋ? ಊರ ಬಾವಿಯ ಹಗ್ಗವನ್ನು ಮುಟ್ಟಗೊಡದೆ, ಮೇಲಿನಿಂದ ಯಾರಾದರೂ ಸುರಿದಾರೆಂದು ಬೊಗಸೆಯೊಡ್ಡಿ ನಿಂತವರ ಮಕ್ಕಳೂ ಮೊಮ್ಮಕ್ಕಳೂ ನಮ್ಮ ಸಭೆಗಳಲ್ಲಿ ಇದ್ದಾರೆ. ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ೧೯೨೭ನೆಯ ಮಾರ್ಚ್ ೨೦ರಂದು ಮಹಾಡದ ಚವದಾರ ಕೆರೆಯ ನೀರನ್ನು ಕುಡಿದರು; ಸ್ವತಂತ್ರ ಭಾರತದ ಸಂವಿಧಾನವು ತನ್ನ ೧೭ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದರೂ ಪಾಪದ ಅರಿಕೆಯ ಸಮಯದಲ್ಲಿ ಬೋಧಕನು, “ನಮ್ಮ ಮನೆಯ ಲೋಟವು ಎಲ್ಲರ ಕೈಗೂ ಹೋಗುತ್ತದೋ?” ಎಂದು ಮೆಲ್ಲಗೆ ಕೇಳಿದರೆ, ದೇವಾಲಯದಲ್ಲಿ ತಲೆಯೆತ್ತಬಲ್ಲವರು ಎಷ್ಟು ಮಂದಿ? ಬಾವಿಯೆಂಬ ವಿಷಯವು ಅಲಂಕಾರಕ್ಕಾಗಿ ಆರಿಸಿದ್ದಲ್ಲ; ಅದು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಪ್ರಸಂಗವು ಈ ಹೆಂಗಸಿನ ಸಂಗತಿಯನ್ನೇ ವಿವರಿಸಲಿ. ಬೇಡಿಕೆಗಳಲ್ಲಿ ಮಳೆಗಾಗಿಯೂ, ದೂರದಿಂದ ನೀರು ಹೊರುವ ಹುಡುಗಿಯರಿಗಾಗಿಯೂ, ನೀರಿನ ವ್ಯಾಜ್ಯವಿರುವ ಊರುಗಳಿಗಾಗಿಯೂ ಪ್ರಾರ್ಥಿಸಲಿ. ಭಾನುವಾರದ ಶಾಲೆಯ ಚಿಕ್ಕ ಮಕ್ಕಳು ಮಣ್ಣಿನಲ್ಲಿ ಬಾವಿಯನ್ನು ಮಾಡಿ ಮೂರು ಬಾವಿಗಳ ಕಥೆಯನ್ನು ಹೇಳಲಿ. ದೊಡ್ಡ ಹುಡುಗಿಯರು ತಮ್ಮ ಓಣಿಯಲ್ಲಿ ಯಾರ ಮನೆಗೆ ನೀರು ಸುಲಭವಾಗಿಲ್ಲವೆಂದು ವಿಚಾರಿಸಿ ಬರಲಿ. ಸ್ತ್ರೀಯರ ಕೂಟದಲ್ಲಿ, ಆ ಹೆಂಗಸು ಕೊಡವನ್ನು ಅಲ್ಲಿಯೇ ಬಿಟ್ಟು ಊರೊಳಗೆ ಓಡಿ ಸಾಕ್ಷಿ ಹೇಳಿದ್ದನ್ನು ಕುರಿತು ಮಾತಾಡಲಿ. ಕಾಣಿಕೆಯ ಒಂದು ಪಾಲು ದಾರಿಹೋಕರ ಅರವಟ್ಟಿಗೆಗೆ ಹೋಗಲಿ. ಸಾಯಂಕಾಲ ಆ ಹಿಂದಿನ ಪ್ರಶ್ನೆಯನ್ನೇ ಕೇಳಿದರೆ ಈ ಸಲ ಅಜ್ಜಿಯೂ ಮೊಮ್ಮಗಳೂ ಇಬ್ಬರೂ ಉತ್ತರ ಕೊಡುವರು. ಒಬ್ಬಳು ಮರೆತದ್ದನ್ನು ಮತ್ತೊಬ್ಬಳು ತುಂಬಿಕೊಡುವಳು.

ಇಂಥ ಆರಾಧನೆಯನ್ನು ಸಿದ್ಧಪಡಿಸುವವರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು. ಮೊದಲನೆಯದು, ಪಾಠವನ್ನು ಓದಿ ಅದರಿಂದ ವಿಷಯವನ್ನು ತೆಗೆಯಬೇಕೇ ಹೊರತು, ವಿಷಯವನ್ನು ಮೊದಲೇ ಇಟ್ಟುಕೊಂಡು ಅದಕ್ಕೆ ಸಾಕ್ಷಿಯಾಗಿ ವಚನಗಳನ್ನು ಅಲ್ಲಲ್ಲಿ ಕೀಳಬಾರದು. ಎರಡನೆಯದು, ವಿಷಯವನ್ನು ಒಂದೇ ಚಿಕ್ಕ ವಾಕ್ಯದಲ್ಲಿ ಹೇಳಲಾಗಬೇಕು. ಓದುಬಾರದ ಅಜ್ಜಿಯು ಅದನ್ನು ಹೊತ್ತುಕೊಂಡು ಹೋಗಲಾರದಿದ್ದರೆ ಅದು ಇನ್ನೂ ಪಕ್ವವಾಗಿಲ್ಲ. ಮೂರನೆಯದು, ವಾರದ ನಡುವೆ ಸಭಾಪಾಲಕರೂ ಭಾನುವಾರದ ಶಾಲೆಯ ಉಪಾಧ್ಯಾಯಿನಿಯರೂ ಗೀತ ನಡಿಸುವವರೂ ಅರ್ಧಗಂಟೆಯಾದರೂ ಕೂಡಿ ಮಾತಾಡಬೇಕು. ಗೀತವನ್ನು ಆರಿಸುವವನಿಗೆ ಪ್ರಸಂಗದ ವಿಷಯ ತಿಳಿಯದಿದ್ದರೆ ನೂಲು ಅಲ್ಲಿಯೇ ಕಡಿಯಿತು. ನಾಲ್ಕನೆಯದು, ಬಿಡುವುದನ್ನು ಕಲಿಯಬೇಕು. ಒಳ್ಳೆಯ ಮಾತಾದರೂ ಈ ದಿನಕ್ಕೆ ಸೇರದಿದ್ದರೆ ಮತ್ತೊಂದು ಭಾನುವಾರಕ್ಕೆ ಇಟ್ಟುಕೊಳ್ಳಲಿ.

ಈ ಪದ್ಧತಿಗೆ ವಿರೋಧವಾಗಿ ಹೇಳುವವರೂ ಉಂಟು. ಅವರ ಮಾತನ್ನು ತಳ್ಳಿಬಿಡಲಾಗದು. ದೇವರ ವಾಕ್ಯವು ದೊಡ್ಡದು, ಅದನ್ನು ಮನುಷ್ಯನು ಮಾಡಿದ ತಲೆಬರಹದೊಳಗೆ ಅಡಗಿಸುವುದು ಸರಿಯೋ ಎಂದು ಅವರು ಕೇಳುತ್ತಾರೆ. ಇದು ನ್ಯಾಯವಾದ ಎಚ್ಚರಿಕೆ. ಬೋಧಕನು ತನಗೆ ಪ್ರಿಯವಾದ ನಾಲ್ಕು ವಿಷಯಗಳನ್ನೇ ವರುಷವೆಲ್ಲಾ ತಿರುಗಿಸುವುದಾದರೆ ಜನರು ಸತ್ಯವೇದವನ್ನಲ್ಲ, ಬೋಧಕನನ್ನು ಕೇಳುವರು. ಕಠಿಣವಾದ ಭಾಗಗಳೂ ಉತ್ತರ ದೊರೆಯದ ಮೊರೆಗಳೂ ಕಿವಿಗೆ ಬೀಳದೆ ಹೋಗುವವು. ಇದಕ್ಕೆ ಪರಿಹಾರವೇನಂದರೆ, ಒಬ್ಬನ ಇಷ್ಟಕ್ಕೆ ಬಿಡದೆ ಸಭೆಯೆಲ್ಲಾ ಒಪ್ಪಿದ ಪಾಠಪಟ್ಟಿಯನ್ನು ಅನುಸರಿಸುವುದು. ಪಟ್ಟಿಯು ಬೋಧಕನಿಗೆ ಇಷ್ಟವಿಲ್ಲದ ಭಾಗವನ್ನೂ ಅವನ ಕೈಗೆ ಕೊಡುತ್ತದೆ. ಮತ್ತೊಂದು ಅಪಾಯವೂ ಉಂಟು. ಆ ವಾರ ಊರಿನಲ್ಲಿ ಸಾವಾಗಿರಬಹುದು, ಬೆಳೆ ಕೆಟ್ಟಿರಬಹುದು. ಪಂಚಾಂಗದಲ್ಲಿ ಸಂತೋಷವೆಂದು ಬರೆದಿದೆಯೆಂದು ದುಃಖದ ಮನೆಯವರ ಮುಂದೆ ಸಂತೋಷದ ಗೀತಗಳನ್ನು ಹಾಡಿಸಿದರೆ ಅದು ಕ್ರಮವಲ್ಲ, ಕ್ರೂರತನ. ವಿಷಯವು ಸಭೆಗಾಗಿಯೇ ಹೊರತು ಸಭೆಯು ವಿಷಯಕ್ಕಾಗಿ ಅಲ್ಲ. ಬೇಡಿಕೆಯ ಸಮಯದ ಬಾಗಿಲು ಯಾವಾಗಲೂ ತೆರೆದೇ ಇರಬೇಕು.

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ಈ ಸೀಮೆಯ ಅನೇಕ ಕುಟುಂಬಗಳು ಮಳೆ ತಪ್ಪಿದ ವರುಷ ದುಡಿಮೆಗಾಗಿ ಊರುಬಿಟ್ಟು ಹೋಗುತ್ತವೆ. ಮಕ್ಕಳ ಭಾನುವಾರಗಳು ಆಗ ತುಂಡುತುಂಡಾಗುತ್ತವೆ. ಒಂದೊಂದು ವಾರ ಮಾತ್ರ ದೇವಾಲಯವನ್ನು ಕಾಣುವ ಮಗುವಿಗೆ ಚೆದರಿದ ಹತ್ತು ಮಾತುಗಳಿಂದ ಆಗುವ ಪ್ರಯೋಜನವು ಅಲ್ಪ. ಆದರೆ ಒಂದೇ ಮಾತನ್ನು ಪೂರ್ಣವಾಗಿ ಕೇಳಿ ಹೋದ ಮಗುವು, ಕೆಲಸದ ಸ್ಥಳದ ಗುಡಿಸಲಿನಲ್ಲಿಯೂ ಅದನ್ನು ತಾಯಿಯೊಡನೆ ಮೆಲುಕು ಹಾಕಬಲ್ಲದು. ಭಾನುವಾರ ಕೇಳಿದ ಆ ಒಂದು ಮಾತನ್ನು ಸೋಮವಾರದ ಊಟದ ಹೊತ್ತಿನಲ್ಲಿ ಒಂದು ಸಾರಿ, ಗುರುವಾರದ ಸಾಯಂಕಾಲದ ಪ್ರಾರ್ಥನೆಯಲ್ಲಿ ಇನ್ನೊಂದು ಸಾರಿ ಮನೆಯಲ್ಲಿ ಎತ್ತಿರಿ. ಹೆಚ್ಚಿನ ಪಾಂಡಿತ್ಯವೇನೂ ಬೇಡ. ನಮ್ಮ ಶಾಲೆಯಿಂದ ಹೋದ ಸಹೋದರಿಯರೇ, ನಿಮ್ಮ ಸಭೆಗಳಲ್ಲಿ ಪಾಠಪಟ್ಟಿಯನ್ನು ಮುಂದಾಗಿಯೇ ಕೇಳಿ ತಿಳುಕೊಳ್ಳಿರಿ. ನಿಮ್ಮ ತರಗತಿಯ ಚಿಕ್ಕ ಮಕ್ಕಳಿಗೂ ಅವರ ತಾಯಂದಿರಿಗೂ ಒಂದೇ ರೊಟ್ಟಿಯನ್ನು ಮುರಿದು ಕೊಡಿರಿ. ಮನೆಗೆ ಹೋಗುವ ದಾರಿಯಲ್ಲಿ ಅವರು ಒಬ್ಬರೊಡನೊಬ್ಬರು ಮಾತಾಡುತ್ತಾ ಹೋಗುವುದನ್ನು ನೀವು ಕಂಡರೆ, ನಿಮ್ಮ ಪ್ರಯಾಸವು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.